ಸೋತವರ ಕಡೆಯವರು: ಶಿರಸಿಯಿಂದ ಕಾರವಾರಕ್ಕೆ

ಶುಕ್ರವಾರ, ಶಿರಸಿ

ನವೆಂಬರ್ ಮೊದಲ ವಾರ ಶಿರಸಿ ಕಡೆ ಯಾರ ಮನೆಗೂ ನೆಂಟರಾಗಿ ಹೋಗಬಾರದು. ಅಡಿಕೆ ಕೊಯ್ಲು ಶುರುವಾಗಿರುತ್ತದೆ. ಮನೆಯವರಿಗೆ ಕೂತು ಮಾತಾಡೋಕೂ ಪುರುಸೊತ್ತಿರುವುದಿಲ್ಲ. ಹೋದರೆ ನಮ್ಮ ಕೈಗೂ ಒಂದು ಕೆಲಸ ಬರುತ್ತದೆ. ಇದೆಲ್ಲ ಗೊತ್ತಿದ್ದೂ ನಾನು ಮತ್ತು ಚಿಕ್ಕಪ್ಪನ ಮಗ (ನನಗೆ ತಮ್ಮ, ಇಲ್ಲೂ ಹಾಗೇ ಕರೆಯುತ್ತೇನೆ) ಗುರುವಾರ ರಾತ್ರಿ ಬೆಂಗಳೂರಿನಲ್ಲಿ ಬಸ್ ಹತ್ತಿದೆವು. ಮೊದಲು ಶಿರಸಿಯಲ್ಲಿ ಮಾವನ ಮನೆ. ಆಮೇಲೆ ಘಟ್ಟ ಇಳಿದು ಕುಮಟಾ, ಅಂಕೋಲಾ, ಕಾರವಾರ. ಜಲಪಾತ, ಕೋಟೆ ಅಂತ ಪಟ್ಟಿ ಏನೂ ಇರಲಿಲ್ಲ. ನೋಡಬೇಕಾದ ಮನುಷ್ಯರಿದ್ದರು. ಎಲ್ಲರೂ ಸೋಲುವ ತಂಡವನ್ನೇ ವರ್ಷಗಟ್ಟಲೆ ಹಿಡಿದುಕೊಂಡು ಕೂತವರು.

2025 ಇಂಥವರಿಗೆಲ್ಲ ವಿಚಿತ್ರ ವರ್ಷ. ಜೂನ್ 3ರಂದು ಆರ್‌ಸಿಬಿ ತನ್ನ 18ನೇ ಸೀಸನ್‌ನಲ್ಲಿ ಮೊದಲ ಸಲ ಐಪಿಎಲ್ ಗೆದ್ದಿತು. ನಾವು ಹೊರಡುವ ಮುಂಚಿನ ಭಾನುವಾರ, ನವೆಂಬರ್ 2ರಂದು, ನಮ್ಮ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕಾವನ್ನು 52 ರನ್‌ಗಳಿಂದ ಸೋಲಿಸಿ ವಿಶ್ವಕಪ್ ಎತ್ತಿದ್ದರು. 2005ರಲ್ಲಿ ಒಮ್ಮೆ, 2017ರಲ್ಲಿ ಒಮ್ಮೆ ಫೈನಲ್‌ಗೆ ಹೋಗಿ ಬರಿಗೈಲಿ ಬಂದ ತಂಡ ಅದು. ಎರಡನೆಯದಂತೂ ಲಾರ್ಡ್ಸ್‌ನಲ್ಲಿ ಬರೀ 9 ರನ್‌ಗಳಿಂದ. ಸೋಲಿಗೇ ಒಗ್ಗಿಹೋದವರು ಗೆದ್ದ ಮೇಲೆ ಏನು ಮಾಡ್ತಾರೆ? ನನಗೆ ಅದೊಂದು ಕುತೂಹಲ ಇತ್ತು.

ಮಾವನ ಮನೆ ಇರುವುದು ಸಿದ್ದಾಪುರ ರಸ್ತೆಯಿಂದ ಸ್ವಲ್ಪ ಒಳಗೆ. ಬೆಳಿಗ್ಗೆ ತೆಳ್ಳೇವು, ಜೋನಿಬೆಲ್ಲ, ತುಪ್ಪ. ಮಧ್ಯಾಹ್ನದವರೆಗೆ ನಿದ್ದೆ. ಮಾವ ಸಿಕ್ಕಿದ್ದು ಸಂಜೆ ಕತ್ತಲಾದ ಮೇಲೆ, ಅಡಿಕೆ ಸುಲಿಯುವ ಜಾಗದಲ್ಲಿ.

ಕೆಂಪಡಿಕೆ ಮಾಡಬೇಕಾದರೆ ಹಸಿ ಅಡಿಕೆಯನ್ನು ಕೊಯ್ದ ಮೇಲೆ ಹಾಗೇ ಬಿಡುವಂತಿಲ್ಲ. ಬೇಗ ಸುಲಿದು, ಚೊಗರಿನಲ್ಲಿ, ಅಂದರೆ ಅಡಿಕೆ ಬೆಂದ ಕೆಂಪು ನೀರಿನಲ್ಲಿ, ಬೇಯಿಸಿ ಒಣಗಿಸಬೇಕು. ಹಾಗಾಗಿ ರಾತ್ರಿಯೂ ಕೆಲಸ. ಅಂಗಳದಲ್ಲಿ ಒಂದು ದೊಡ್ಡ ಬಲ್ಬು, ಅದರ ಕೆಳಗೆ ಹಸಿರು ಅಡಿಕೆಯ ರಾಶಿ, ಸುತ್ತ ಏಳೆಂಟು ಜನ. ಪ್ರತಿಯೊಬ್ಬರ ಮುಂದೂ ಒಂದೊಂದು ಮೆಟ್ಟುಗತ್ತಿ. ಮಣೆಯನ್ನು ಕಾಲಿನಿಂದ ಮೆಟ್ಟಿ ಹಿಡಿದು, ನೆಟ್ಟಗೆ ನಿಂತ ಅಲಗಿಗೆ ಅಡಿಕೆಯನ್ನು ಒತ್ತಿ, ಮಣಿಕಟ್ಟನ್ನು ಒಂದು ಸಲ ತಿರುಗಿಸಿದರೆ ಸಿಪ್ಪೆ ಬಿಚ್ಚಿಕೊಳ್ಳುತ್ತದೆ. ಇನ್ನೊಂದು ತಿರುವಿಗೆ ಅಡಿಕೆ ಬುಟ್ಟಿಗೆ. ಕೆಲಸ ಬಲ್ಲವರು ಕತ್ತಿಯ ಕಡೆ ನೋಡುವುದೂ ಇಲ್ಲ. ತಮ್ಮ ನಾಲ್ಕು ಅಡಿಕೆ ಸುಲಿಯುವಷ್ಟರಲ್ಲಿ ಪಕ್ಕದ ಅಕ್ಕ ಅರ್ಧ ಬುಟ್ಟಿ ತುಂಬಿಸಿದ್ದಳು.

ಮಾವ ರಣಜಿ ಮನುಷ್ಯ, ಅಂದರೆ ರಾಜ್ಯ ತಂಡಗಳ ಕ್ರಿಕೆಟ್ ಟೂರ್ನಿಯವರು. ಕರ್ನಾಟಕ ತಂಡ ಬಿಟ್ಟರೆ ಬೇರೆ ಯಾವುದನ್ನೂ ತನ್ನದು ಅನ್ನುವುದಿಲ್ಲ. ಗೆದ್ದದ್ದನ್ನು ಚುಟುಕಾಗಿ ಹೇಳುತ್ತಾರೆ, ಸೋತದ್ದನ್ನು ವಿವರವಾಗಿ. 1974ರಲ್ಲಿ ಮುಂಬೈನ 15 ವರ್ಷಗಳ ಸತತ ಗೆಲುವನ್ನು ನಾವು ಮುರಿದದ್ದು, ವಿಶ್ವನಾಥ್ 162 ಹೊಡೆದದ್ದು, ಪ್ರಸನ್ನ ಗಾವಸ್ಕರರನ್ನು ಬೌಲ್ಡ್ ಮಾಡಿದ್ದು, ಇಷ್ಟನ್ನೂ ಒಂದೇ ಉಸಿರಲ್ಲಿ ಮುಗಿಸಿದರು. ಆಗ ಅವರು ಹದಿನಾಲ್ಕು ಹದಿನೈದರ ಹುಡುಗ, ರೇಡಿಯೋ ಪಕ್ಕದ ಮನೆಯದ್ದು. ಆದರೆ 1982ರ ದೆಹಲಿ ಫೈನಲ್‌ಗೆ ಬಂದಾಗ ಕೈಯಲ್ಲಿದ್ದ ಅಡಿಕೆ ಕೆಳಗಿಟ್ಟರು.

"ಏಳುನೂರಾ ಐದು ರನ್ ಹೊಡೆದ್ರೂ ಸೋತ್ರು, ಗೊತ್ತಿದ್ದಾ ತಮಾ ನಿಂಗೆ?"

ತಮ್ಮ ನಂಬಲಿಲ್ಲ. ಫೋನ್ ತೆಗೆದು ನೋಡಿದ. ನಿಜ. ಕರ್ನಾಟಕ ಮೊದಲ ಇನಿಂಗ್ಸ್‌ನಲ್ಲಿ 705. ದೆಹಲಿ 8 ವಿಕೆಟಿಗೆ 707. ಬಾಲಂಗೋಚಿಗಳಾದ ರಾಕೇಶ್ ಶುಕ್ಲಾ, ರಾಜೇಶ್ ಪೀಟರ್ ಇಬ್ಬರೂ ಔಟಾಗದೆ ನಿಂತು, ಕಪ್ ಯಾರಿಗೆ ಅಂತ ತೀರ್ಮಾನಿಸಿದ ಮೊದಲ ಇನಿಂಗ್ಸ್ ಮುನ್ನಡೆಯನ್ನು ಕಿತ್ತುಕೊಂಡಿದ್ದರು. ಮಾವನಿಗೆ ಆ ಇಬ್ಬರ ಹೆಸರು ಬಾಯಲ್ಲೇ ಇತ್ತು. ಊರಿನ ಹಿಂದಿನ ತಹಸೀಲ್ದಾರರ ಹೆಸರು ಕೇಳಿದರೆ ಅವರಿಗೆ ನೆನಪಾಗಲಿಕ್ಕಿಲ್ಲ.

ಆಮೇಲೆ 2010ರ ಜನವರಿ. ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ಮುಂಬೈ ಜೊತೆ ಫೈನಲ್. ಕೊಯ್ಲು ಇನ್ನೂ ಮುಗಿದಿರಲಿಲ್ಲ. ಮಾವ "ಮೈಸೂರಲ್ಲಿ ಒಂದು ಮದುವೆ ಇದ್ದು" ಅಂತ ಹೇಳಿ ಹೋದರು. ಗೆಲ್ಲೋಕೆ 338 ಬೇಕಿತ್ತು. ಮನೀಶ್ ಪಾಂಡೆ 144 ಹೊಡೆದ. ಜನ ಮರ ಹತ್ತಿ ನೋಡುತ್ತಿದ್ದರು. 331ಕ್ಕೆ ಎಲ್ಲ ಮುಗಿಯಿತು. 6 ರನ್.

"ಆ ಮದುವೆ ಊಟ ಇನ್ನೂ ಜೀರ್ಣ ಆಯ್ದಿಲ್ಲೆ ಇವಕ್ಕೆ," ಅಂತ ಅತ್ತೆ ಒಳಗಿನಿಂದ ಕಷಾಯ ತರುತ್ತಾ ಹೇಳಿದರು.

2017ರ ಡಿಸೆಂಬರ್‌ನಲ್ಲಿ ಕೋಲ್ಕತ್ತಾದಲ್ಲಿ ವಿದರ್ಭದ ಎದುರು ಸೆಮಿಫೈನಲ್ 5 ರನ್‌ಗಳಿಂದ ಹೋಯಿತು. ಅದನ್ನು ಮಾವ ಬೇಗ ದಾಟಿಸಿದರು. ಅವರ ನಿಜವಾದ ಸಿಟ್ಟು ಕರುಣ್ ನಾಯರ್ ಮೇಲೆ. ಇಲ್ಲಿ ಜಾಗ ಸಿಗದೆ 2023ರಲ್ಲಿ ವಿದರ್ಭಕ್ಕೆ ಹೋದವನು ಕರುಣ್. 2025ರ ಫೈನಲ್‌ನಲ್ಲಿ ಶತಕ ಹೊಡೆದು ಅವರಿಗೆ ರಣಜಿ ಗೆದ್ದುಕೊಟ್ಟ. ನಾವು ಕೊನೆಯದಾಗಿ ಗೆದ್ದದ್ದು 2014–15ರಲ್ಲಿ, ಅದರ ಫೈನಲ್‌ನಲ್ಲಿ 328 ಹೊಡೆದವನೂ ಇವನೇ. ಈಗ ವಾಪಸ್ ಬಂದಿದ್ದಾನೆ. ಇದೇ ವಾರ ಕೇರಳದ ಎದುರು 233 ಹೊಡೆದಿದ್ದ. ಮಾವನ ಸಿಟ್ಟು ಯಾರ ಮೇಲೆ ಅಂತ ಸರಿಯಾಗಿ ಕೇಳಿದರೆ ಅದು ಹುಡುಗನ ಮೇಲಲ್ಲ, ಕಳಿಸಿಕೊಟ್ಟವರ ಮೇಲೆ.

ತಮ್ಮ ಆರ್‌ಸಿಬಿ ಪಾರ್ಟಿ. ಇಬ್ಬರಿಗೂ ಜಗಳ ಹತ್ತಲು ಜಾಸ್ತಿ ಹೊತ್ತು ಬೇಕಾಗಲಿಲ್ಲ.

"ಅದು ಕಂಪನಿ ಟೀಮು ಮಾಣಿ. ಫೈನಲ್ ಆಡಿದ್ರಲ್ಲಿ ನಮ್ಮವ ಯಾರಿದ್ದ? ಮಯಂಕ್ ಒಬ್ನೇಯ. ರಾಹುಲ ದೆಲ್ಲಿಗೆ ಆಡ್ತ."

ಅದು ಹೌದು. ಏಪ್ರಿಲ್‌ನಲ್ಲಿ ಕೆ.ಎಲ್. ರಾಹುಲ್ ಚಿನ್ನಸ್ವಾಮಿಯಲ್ಲೇ ಆರ್‌ಸಿಬಿ ಎದುರು ಔಟಾಗದೆ 93 ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು, ಇದು ನನ್ನ ಜಾಗ ಅಂತ ತೋರಿಸಿದ್ದ. ಅವತ್ತು ತಮ್ಮ ಸ್ಟೇಡಿಯಂನಲ್ಲೇ ಇದ್ದ. ಚಪ್ಪಾಳೆ ಹೊಡೆಯಬೇಕೋ ಬೇಡವೋ ಗೊತ್ತಾಗಲಿಲ್ಲ ಅಂದ. ಮಾವ ಗೆದ್ದವರ ಹಾಗೆ ನಕ್ಕರು. ಆಗ ಅತ್ತೆ ಒಂದು ಗುಟ್ಟು ಬಿಟ್ಟುಕೊಟ್ಟರು. ಜೂನ್ 3ರ ರಾತ್ರಿ ಕರೆಂಟ್ ಹೋದಾಗ ಕಂಪನಿ ಟೀಮಿನ ಮ್ಯಾಚಿಗಾಗಿ ಸೊಸೆಯ ಫೋನ್ ಇಸಕೊಂಡು, ಮಳೆಯಲ್ಲಿ ಕೊಡೆ ಹಿಡಿದು, ನೆಟ್‌ವರ್ಕ್ ಸಿಗುವ ಗುಡ್ಡದ ತುದಿಗೆ ಹೋಗಿ ನಿಂತವರು ಯಾರು? ಮಾವ ಮಾತಾಡದೆ ಅಡಿಕೆ ಸುಲಿದರು.

ನನ್ನ ಪ್ರಶ್ನೆಗೆ ಉತ್ತರ ಕೊಟ್ಟದ್ದೂ ಅತ್ತೆಯೇ. ಸೋಲುವುದು ಗೊತ್ತಿದ್ದೂ ಯಾಕೆ ನೋಡೋದು ಅಂದಿದ್ದಕ್ಕೆ, "ಕರ್ಣ ಸಾಯ್ತ ಹೇಳಿ ಎಲ್ಲರಿಗೂ ಗೊತ್ತಿದ್ದು. ಆದ್ರೂ ಜನ ಬೆಳಗಿನವರೆಗೆ ಕೂತು ಯಕ್ಷಗಾನದ ಆಟ ನೋಡ್ತ ಅಲ್ದಾ?" ಅಂದು ಖಾಲಿ ಲೋಟ ಎತ್ತಿಕೊಂಡು ಹೋದರು.

ಮಲಗುವ ಮುಂಚೆ ಮಾವ ಇನ್ನೊಂದು ಹೇಳಿದರು. ಅವರ ಅಪ್ಪ ಕೊನೆಯವರೆಗೂ ಮುಂಬೈ ಪಾರ್ಟಿಯಂತೆ. ಕೇಳಿದರೆ ಆಶ್ಚರ್ಯ, ಯೋಚಿಸಿದರೆ ಸರಿ. 1956ರವರೆಗೆ ನಮ್ಮ ಜಿಲ್ಲೆ ಇದ್ದದ್ದು ಮುಂಬೈ ರಾಜ್ಯದಲ್ಲಿ. 1941–42ರ ರಣಜಿ ಫೈನಲ್‌ನಲ್ಲಿ ಮುಂಬೈ ಮೈಸೂರನ್ನು ಸೋಲಿಸಿದಾಗ ಇಲ್ಲಿಯವರು ಗೆದ್ದ ಕಡೆ. 1959–60ರಲ್ಲಿ ಅದೇ ಮುಂಬೈ ಅದೇ ಮೈಸೂರನ್ನು ಇನ್ನೊಮ್ಮೆ ಸೋಲಿಸಿತು. ಅಷ್ಟರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತ್ತು. ರಾಜ್ಯ ಬದಲಾದರೂ ಅಜ್ಜ ಪಾರ್ಟಿ ಬದಲಾಯಿಸಲಿಲ್ಲ. 1974ರಲ್ಲಿ ಒಂದೇ ಮನೆಯಲ್ಲಿ ಮಗ ಕುಣಿದ, ಅಪ್ಪ ಊಟ ಬಿಟ್ಟರು.

ಶನಿವಾರ, ಕುಮಟಾ ಕಡೆ

ದೇವಿಮನೆ ಘಟ್ಟ ಇಳಿದೆವು. ರಸ್ತೆಯ ಬಗ್ಗೆ ಬರೆದರೆ ಬೇರೆಯೇ ಲೇಖನ ಆಗುತ್ತದೆ, ಬಿಡಿ. ಕೆಳಗಿಳಿದ ಕೂಡಲೇ ಸೆಕೆ. ಗದ್ದೆಗಳಲ್ಲಿ ಕೊಯ್ಲು ನಡೆದಿತ್ತು. ಕುಮಟಾದಲ್ಲಿ ಊಟಕ್ಕೆ ಅಘನಾಶಿನಿ ಹೊಳೆಯ ಬಳಚು, ಅಂದರೆ ಚಿಪ್ಪುಮೀನು, ಸಿಕ್ಕಿತು. ಶಿರಸಿಯ ಮನೆಯಲ್ಲಿ ಹೇಳಬೇಡ ಅಂತ ತಮ್ಮನಿಗೆ ತಾಕೀತು ಮಾಡಿದೆ.

ಇಲ್ಲಿ ನನ್ನ ಹೈಸ್ಕೂಲು ಗೆಳೆಯ ಇದ್ದಾನೆ. ವೈರಿಂಗ್ ಕೆಲಸ. ಕುಮಟಾ ಮತ್ತು ಅಂಕೋಲಾದ ನಡುವಿನ ಒಂದು ಹಳ್ಳಿಗೆ ಅಳಿಯನಾಗಿ ಬಂದು ಅಲ್ಲಿಯವನೇ ಆಗಿದ್ದಾನೆ. ಊರಿನ ಅಂಡರ್ ಆರ್ಮ್ ಕ್ರಿಕೆಟ್ ತಂಡಕ್ಕೆ ಅವನೇ ಕ್ಯಾಪ್ಟನ್, ಅವನೇ ಮ್ಯಾನೇಜರ್, ಲೈಟು ಕೆಟ್ಟರೆ ಅವನೇ ರಿಪೇರಿ. ಗೊತ್ತಿಲ್ಲದವರಿಗೆ ಹೇಳಬೇಕು: ಕರಾವಳಿಯಲ್ಲಿ ಮಳೆ ಮುಗಿದದ್ದೇ ತಡ, ಹೊನಲು ಬೆಳಕಿನ ಪಂದ್ಯಾವಳಿಗಳು ಶುರು. ಜಾಗ ಚಿಕ್ಕದು, ಚೆಂಡು ಟೆನಿಸ್ಸಿನದು, ಕೈಯನ್ನು ಭುಜದ ಮೇಲೆ ಎತ್ತದೆ ಕೆಳಗಿನಿಂದಲೇ ಎಸೆಯಬೇಕು. ಸುಲಭ ಅನ್ನಿಸುತ್ತದೆ. ಚೆಂಡು ನೆಲಕ್ಕೆ ಅಂಟಿಕೊಂಡೇ ಬಂದು ಸಟ್ಟನೆ ತಿರುಗುತ್ತದೆ. ದೊಡ್ಡ ಹೊಡೆತ ಹೊಡೆದರೆ ಕ್ಯಾಚು, ಸುಮ್ನೆ ತಡೆದರೆ ಓವರು ಮುಗಿಯುತ್ತದೆ.

ಅವನ ತಂಡ ಎರಡನೇ ರೌಂಡು ದಾಟಿದ ದಾಖಲೆ ಇಲ್ಲ.

ಅವತ್ತು ಶಾಲಾ ಮೈದಾನದಲ್ಲಿ ಸುತ್ತ ಬಲೆ, ನಾಲ್ಕು ಕಂಬಕ್ಕೆ ದೀಪ, ಒಂದು ಮೂಲೆಯಲ್ಲಿ ಆಮ್ಲೆಟ್ ಅಂಗಡಿ. ಮೇಜಿನ ಮೇಲೆ ಟ್ರೋಫಿಗಳು, ಮೊದಲ ಬಹುಮಾನದ್ದು ಎಂಟು ವರ್ಷದ ಹುಡುಗನ ಎತ್ತರಕ್ಕಿತ್ತು. ಮೈಕು ಹಿಡಿದವನು ಕನ್ನಡದಲ್ಲಿ ಶುರು ಮಾಡಿ ಕೊಂಕಣಿಗೆ ಹಾರಿ, ನಡುವೆ ದಾನಿಗಳ ಹೆಸರು ಓದಿ, ಮತ್ತೆ ಆಟಕ್ಕೆ ಬರುತ್ತಿದ್ದ. ಗೆಳೆಯನ ತಂಡ ಬಂದಾಗ, "ಸೋಲು ಗೆಲುವು ಏನೇ ಇರಲಿ, ಪ್ರತಿ ವರ್ಷ ತಪ್ಪದೆ ಬರುವ ತಂಡ" ಅಂತ ಪರಿಚಯಿಸಿದ. ಜನ ಜೋರಾಗಿ ಚಪ್ಪಾಳೆ ಹೊಡೆದರು. ಅದರಲ್ಲಿ ತಮಾಷೆಯೂ ಇತ್ತು, ಪ್ರೀತಿಯೂ ಇತ್ತು.

ಕೊನೆಯ ಓವರಿಗೆ 9 ಬೇಕಿತ್ತು. ಕ್ರೀಸಿನಲ್ಲಿ ಗೆಳೆಯನೇ. ಮೊದಲ ಚೆಂಡಿಗೆ ಫೋರು. ಬಲೆ ಅಲ್ಲಾಡಿತು. ಎರಡನೆಯದಕ್ಕೆ ಎರಡು ರನ್. ಇನ್ನು ನಾಲ್ಕು ಚೆಂಡಿಗೆ ಬರೀ ಮೂರು. ಪಕ್ಕದಲ್ಲಿ ಕೂತಿದ್ದ ಅಜ್ಜ ಒಬ್ಬರು ಬೀಡಿ ಹಚ್ಚುತ್ತಾ, "ಈಗ ನೋಡಿ, ಈಗ ಸೋಲ್ತಾರೆ" ಅಂದರು. ಬೇಜಾರಿನಿಂದ ಹೇಳಿದ ಹಾಗಿರಲಿಲ್ಲ. ಮಳೆ ಬರ್ತದೆ ಅನ್ನುವ ಧಾಟಿ. ಮೂರನೇ ಚೆಂಡು ಗೆಳೆಯನ ಬ್ಯಾಟಿನ ಅಂಚಿಗೆ ತಾಗಿ ಕೀಪರ್ ಕೈಗೆ. ಆಮೇಲೆ ಬಂದವನು ಒಂದು ರನ್ ತೆಗೆದ, ಅದರ ನಂತರದವನು ರನೌಟ್, ಕೊನೆಯ ಚೆಂಡು ಯಾರಿಗೂ ತಾಗಲೇ ಇಲ್ಲ. ಒಂದು ರನ್ನಿನ ಸೋಲು.

ಸೋತ ತಂಡ ಮನೆಗೆ ಹೋಗಲಿಲ್ಲ. ಬೌಂಡರಿ ಪಕ್ಕ ಚಪ್ಪಲಿ ಬಿಟ್ಟು ಕೂತರು. ಆಮ್ಲೆಟ್ ಬಂತು. ಆ ಮೂರನೇ ಚೆಂಡನ್ನು ಹೇಗೆ ಆಡಬೇಕಿತ್ತು ಅನ್ನೋ ಚರ್ಚೆ ಎಷ್ಟು ಹೊತ್ತು ನಡೆಯಿತೆಂದರೆ, ಅಷ್ಟರಲ್ಲಿ ಇನ್ನೆರಡು ಪಂದ್ಯ ಮುಗಿದವು. ಗೆದ್ದ ತಂಡದವರು ಆಗಲೇ ಮುಂದಿನ ಪಂದ್ಯದ ಚಿಂತೆಯಲ್ಲಿದ್ದರು. ಇವರಿಗೆ ಮಾತ್ರ ಇಡೀ ರಾತ್ರಿ ಬಿಡುವು. ಖುಷಿ ಯಾವ ಕಡೆ ಜಾಸ್ತಿ ಇತ್ತು ಅಂತ ಕೇಳಿದರೆ ನಾನು ಬೆರಳು ತೋರಿಸುವುದು ಈ ಕಡೆಗೇ.

ಗೆಳೆಯನ ಹೆಂಡತಿ ಊಟ ಇಟ್ಟುಕೊಂಡು ಕಾಯುತ್ತಿದ್ದರು. "ಮೊದಲ ರೌಂಡೇ ಅಲ್ಲಾ? ನಂಗೆ ಗೊತ್ತಿತ್ತು, ಅದಕ್ಕೇ ಅನ್ನ ಬಿಸಿ ಮಾಡಿಟ್ಟೆ," ಅಂದರು. ಟೀವಿ ಪಕ್ಕದ ಗಾಜಿನ ಕಪಾಟಿನಲ್ಲಿ ಸಾಲಾಗಿ ಟ್ರೋಫಿಗಳಿದ್ದವು. ತಮ್ಮ ಹತ್ತಿರ ಹೋಗಿ ಓದಿದ. ಎಲ್ಲದರ ಮೇಲೂ ಒಂದೇ ಬರಹ: ಶಿಸ್ತುಬದ್ಧ ತಂಡ.

"ಸೋಲೋದರಲ್ಲೂ ಒಂದು ಶಿಸ್ತು ಬೇಕು ಮಾರಾಯ," ಅಂದ ಗೆಳೆಯ.

ಭಾನುವಾರ, ಅಂಕೋಲಾ ದಾಟಿ ಕಾರವಾರ

ಅಂಕೋಲಾದಲ್ಲಿ ಇಳಿದು ಚಹಾ ಕುಡಿದದ್ದು ಬಿಟ್ಟರೆ ಹೇಳಲು ಏನಿಲ್ಲ. ಈಶಾಡು ಮಾವಿಗೆ ಬೇಸಿಗೆಯಲ್ಲೇ ಬರಬೇಕು. ಮಧ್ಯಾಹ್ನಕ್ಕೆ ಕಾರವಾರ.

ಸಂಜೆ ಟಾಗೋರ್ ಕಡಲತೀರದಲ್ಲಿ, ಚಾಪೆಲ್ ಯುದ್ಧನೌಕೆಯಿಂದ ಸ್ವಲ್ಪ ದೂರ ಮರಳಿನ ಮೇಲೆ ಕೂತೆವು. ತಮ್ಮ ಜೂನ್ ತಿಂಗಳ ವಿಷಯ ಎತ್ತಿದ್ದು ಅಲ್ಲೇ. ಮೂರು ದಿನದಿಂದ ನಾನಾಗಿ ಕೇಳಿರಲಿಲ್ಲ.

ಅವನಿಗೆ ಬುದ್ಧಿ ಬಂದಾಗಿನಿಂದ ಆರ್‌ಸಿಬಿ. 2008ರ ಮೊದಲ ಪಂದ್ಯದಲ್ಲೇ ಮೆಕ್ಕಲಂ 158 ಹೊಡೆದು, ನಮ್ಮವರು 82ಕ್ಕೆ ಗಂಟುಮೂಟೆ ಕಟ್ಟಿದ್ದು ಅವನಿಗೆ ನೆನಪಿಲ್ಲ, ಚಿಕ್ಕವನು. 2009ರ ಜೊಹಾನ್ಸ್‌ಬರ್ಗ್ ಫೈನಲ್ ಅರೆಬರೆ ನೆನಪು. ಕುಂಬ್ಳೆ 16 ರನ್ನಿಗೆ 4 ವಿಕೆಟ್ ತೆಗೆದರೂ 6 ರನ್‌ಗಳಿಂದ ಸೋತದ್ದು. 2011ರದ್ದು ಪೂರ್ತಿ ನೆನಪು. 2016ರದ್ದು ಮಾತ್ರ ಗಾಯ. ಕೊಹ್ಲಿ ಆ ಸೀಸನ್ನಿನಲ್ಲಿ 973 ರನ್ ಹೊಡೆದಿದ್ದ. ಫೈನಲ್ ನಮ್ಮದೇ ಚಿನ್ನಸ್ವಾಮಿಯಲ್ಲಿ. 209ರ ಗುರಿಗೆ ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟಿಗೇ 114 ಸೇರಿಸಿದ್ದರು. ಅಲ್ಲಿಂದ 8 ರನ್‌ಗಳಿಂದ ಸೋಲುವುದು ಅಂದರೆ ಅದಕ್ಕೂ ಪ್ರತಿಭೆ ಬೇಕು. ಮುಂದಿನ ವರ್ಷ ಈಡನ್‌ನಲ್ಲಿ 49ಕ್ಕೆ ಆಲೌಟ್. 2013ರಲ್ಲಿ ಅದೇ ತಾರೀಕು, ಏಪ್ರಿಲ್ 23ರಂದು, ಇದೇ ತಂಡ 263 ಹೊಡೆದಿತ್ತು. 2019ರಲ್ಲಿ ಮೊದಲ ಆರು ಪಂದ್ಯ ಸಾಲಾಗಿ ಸೋಲು. ತರಗತಿಯಲ್ಲಿ, ಹಾಸ್ಟೆಲ್‌ನಲ್ಲಿ, ಆಫೀಸಿನಲ್ಲಿ ನಗೆಪಾಟಲು. "ಈ ಸಲ ಕಪ್ ನಮ್ದೇ" ಅನ್ನುವುದನ್ನು ಬೇರೆಯವರು ನಗಿಸೋಕೆ ಹೇಳುತ್ತಿದ್ದರು. ಇವನು ಹಟಕ್ಕೆ ಹೇಳುತ್ತಿದ್ದ.

ಜೂನ್ 3ರಂದು ಕೊನೆಯ ಓವರಿಗೆ ಪಂಜಾಬಿಗೆ 29 ಬೇಕಿತ್ತು. ಹೇಜಲ್‌ವುಡ್ ಮೊದಲೆರಡು ಚೆಂಡಿಗೆ ರನ್ನೇ ಕೊಡಲಿಲ್ಲ. ಅಲ್ಲಿಗೆ ಪಂದ್ಯ ಮುಗಿಯಿತು, ಬೌಂಡರಿ ಹತ್ತಿರ ಕೊಹ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದ. "ನಾನು ಮಾತ್ರ ನಂಬಲಿಲ್ಲ ಅಣ್ಣ," ಅಂದ ತಮ್ಮ. "ನೋಬಾಲ್ ಬೀಳಬಹುದು, ಅದಕ್ಕೊಂದು ಸಿಕ್ಸ್ ಹೋಗಬಹುದು, ಮತ್ತೆ ಇನ್ನೊಂದು ನೋಬಾಲ್. ಶಶಾಂಕ್ ಆಮೇಲೆ 6, 4, 6, 6 ಹೊಡೆದ ನೋಡು. ಕೊನೇ ಚೆಂಡು ಬಿದ್ದ ಮೇಲೂ ಅಂಪೈರ್ ಏನಾದರೂ ತೋರಿಸ್ತಾರಾ ಅಂತ ಕಾಯ್ತಿದ್ದೆ." 6 ರನ್‌ಗಳ ಗೆಲುವು. ಅವನ ರೂಮಿನಲ್ಲಿ ಎಲ್ಲರೂ ಕಿರುಚಿದರು. ಇವನು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತನಂತೆ.

ಮಾರನೆಯ ದಿನ ಜೂನ್ 4. ಮಧ್ಯಾಹ್ನ ಆಫೀಸಿನಿಂದ ನಾಲ್ಕು ಜನ ಹೊರಟರು. ಮೆಟ್ರೋದಲ್ಲಿ ಉಸಿರಾಡಲೂ ಜಾಗವಿಲ್ಲ. ಇಳಿದು ಕಬ್ಬನ್ ಪಾರ್ಕ್ ಕಡೆ ನಡೆಯುವಾಗ ಜನ ಹೆಚ್ಚುತ್ತಲೇ ಹೋದರು. ಇವನ ಜೊತೆಗಿದ್ದ ಹುಡುಗಿಗೆ ತಲೆ ಸುತ್ತು ಬಂತು. ಅವಳನ್ನು ಕರೆದುಕೊಂಡು ವಾಪಸ್ ತಿರುಗಿದರು. ಮನೆ ಮುಟ್ಟುವಷ್ಟರಲ್ಲಿ ಸುದ್ದಿ. ಚಿನ್ನಸ್ವಾಮಿ ಗೇಟುಗಳ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತಿದ್ದರು. ಹೆಚ್ಚಿನವರು ಇವನ ವಯಸ್ಸಿನವರು, ಇಲ್ಲಾ ಇವನಿಗಿಂತ ಚಿಕ್ಕವರು.

"ಅವತ್ತಿನಿಂದ ಜೆರ್ಸಿ ಹಾಕಿಲ್ಲ. ಎಸೆದೂ ಇಲ್ಲ. ಇಷ್ಟು ವರ್ಷ ಸೋತಾಗ ಮಾರನೇ ದಿನ ಹಾಕ್ಕೊಂಡು ಹೋಗ್ತಿದ್ದೆ, ಬೇಕಂತಲೇ. ಗೆದ್ದ ಮೇಲೆ ಒಂದೇ ಒಂದು ದಿನ ಹಾಕ್ಕೊಳ್ಳೋಕೆ ಆಗಲಿಲ್ಲ."

ನನಗೆ ಹೇಳಲು ಏನೂ ಇರಲಿಲ್ಲ, ಹೇಳಲೂ ಇಲ್ಲ. ಸೋತಾಗ ಜೊತೆಗೆ ಕೂತು ಸಮಾಧಾನ ಮಾಡುವುದು ನಮಗೆಲ್ಲ ರೂಢಿ ಇದೆ. ಇದಕ್ಕೆ ರೂಢಿ ಇಲ್ಲ.

ಅಷ್ಟರಲ್ಲಿ ಒಂದು ಟೆನಿಸ್ ಚೆಂಡು ಉರುಳಿ ಬಂತು. ಹತ್ತು ಹನ್ನೆರಡು ವರ್ಷದ ಹುಡುಗಿಯರು ಆಡುತ್ತಿದ್ದರು. ಮೂರು ಕೋಲು, ಒಂದು ಬ್ಯಾಟು. ಚೆಂಡು ಹಿಡಿಯಲು ಬಂದವಳ ಬೆನ್ನ ಮೇಲೆ 18 ಅಂತಿತ್ತು. "ಕೊಹ್ಲಿ ಫ್ಯಾನಾ?" ಅಂದ ತಮ್ಮ. ಅವಳು ಇವನನ್ನು ಮೇಲಿಂದ ಕೆಳಗೆ ನೋಡಿದಳು. "ಅಲ್ಲ ಅಂಕಲ್, ಸ್ಮೃತಿ." ಅವಳದ್ದೂ 18ನೇ ನಂಬರು ತಾನೇ. ಹೆಣ್ಣುಮಕ್ಕಳ ಆರ್‌ಸಿಬಿ 2024ರ ಮಾರ್ಚ್‌ನಲ್ಲೇ, ತನ್ನ ಎರಡನೇ ಸೀಸನ್ನಿನಲ್ಲೇ ಕಪ್ ತಂದಿತ್ತು. ಈ ಮಗುವಿನ ಲೆಕ್ಕದಲ್ಲಿ ಆರ್‌ಸಿಬಿ ಅಂದರೆ ಗೆಲ್ಲುವ ತಂಡ. ವಿಶ್ವಕಪ್ಪಿನಲ್ಲಿ ಲೀಗ್ ಹಂತದಲ್ಲಿ ಸಾಲಾಗಿ ಮೂರು ಸೋತಾಗ ಏನನ್ನಿಸಿತು ಅಂತ ಕೇಳಿದೆ. "ಅಪ್ಪ ಟೀವಿ ಬಂದ್ ಮಾಡಿದ್ರು. ನಾನು ಮತ್ತೆ ಹಾಕಿದೆ," ಅಂದಳು. ತಮ್ಮನನ್ನು ಬೌಲಿಂಗಿಗೆ ಕರೆದರು. ಕತ್ತಲಾಗುವವರೆಗೆ ಅವನಿಗೆ ಬ್ಯಾಟಿಂಗ್ ಕೊಡಲಿಲ್ಲ.

ಸೋಮವಾರ, ಸದಾಶಿವಗಡ

ಬೆಳಿಗ್ಗೆ ಕಾಳಿ ಸೇತುವೆ ದಾಟಿ ಸದಾಶಿವಗಡಕ್ಕೆ ಹೋದೆವು. ಹಳೆಯ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದ ಮೇಲೆ ಉಳಿದ ಒಂದೇ ಸೇತುವೆ ಎರಡೂ ಕಡೆಯ ಗಾಡಿಗಳನ್ನು ಹೊರುತ್ತಿದೆ. ಅಲ್ಲಿ ತಮ್ಮನ ಕಾಲೇಜು ಗೆಳೆಯನ ಮನೆ. ಮನೆಮಾತು ಕೊಂಕಣಿ, ಓದಿದ್ದು ಕನ್ನಡದಲ್ಲಿ, ಕೆಲಸ ಗೋವಾದಲ್ಲಿ. ಕಾರವಾರದಿಂದ ಬೆಂಗಳೂರು ಒಂದು ರಾತ್ರಿಯ ಪ್ರಯಾಣ. ಮಡಗಾಂವ್‌ಗೆ ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಹಾಗಾಗಿ ಅವನ ತಂಡ ಎಫ್‌ಸಿ ಗೋವಾ, ಫುಟ್‌ಬಾಲಿನದು.

ಅವನ ಕಥೆ 2015ರ ಡಿಸೆಂಬರ್ 20ರಿಂದ ಶುರುವಾಗುತ್ತದೆ. ಮಡಗಾಂವ್‌ನ ಫತೋರ್ಡಾ ಸ್ಟೇಡಿಯಂ, ದೇಶದ ಫುಟ್‌ಬಾಲ್ ಲೀಗ್ ಐಎಸ್‌ಎಲ್‌ನ ಫೈನಲ್, ಎದುರಾಳಿ ಚೆನ್ನೈಯಿನ್. ಅಪ್ಪನ ಜೊತೆ ಹೋಗಿದ್ದ. 87ನೇ ನಿಮಿಷದಲ್ಲಿ ಜೋಫ್ರೆ ಗೋಲು ಹೊಡೆದು ಗೋವಾ 2–1. ಅಪ್ಪ ಇವನನ್ನು ಎತ್ತಿ ಕುಣಿಸಿದರು. 90ನೇ ನಿಮಿಷದಲ್ಲಿ ಚೆಂಡು ಗೋಲ್‌ಕೀಪರ್ ಕಟ್ಟಿಮನಿಯ ಕೈಯಿಂದಲೇ ಸ್ವಂತ ಗೋಲಿಗೆ. ಎರಡು ನಿಮಿಷ ಬಿಟ್ಟು ಮೆಂಡೋಜಾ ಇನ್ನೊಂದು ಹಾಕಿದ. 3–2. "ಅಪ್ಪ ನನ್ನನ್ನ ಕೆಳಗೆ ಇಳಿಸೋದನ್ನೇ ಮರೆತಿದ್ರು," ಅಂದ. ವಾಪಸ್ ಬರುವಾಗ ಪೋಳೆಂ ಚೆಕ್‌ಪೋಸ್ಟ್‌ವರೆಗೆ ಇಬ್ಬರೂ ಮಾತಾಡಲಿಲ್ಲವಂತೆ.

ಲಕ್ಷ್ಮೀಕಾಂತ ಕಟ್ಟಿಮನಿ. ಹೆಸರು ಕೇಳಿದರೆ ನಮ್ಮ ಕಡೆಯದ್ದೇ, ಹುಟ್ಟಿ ಬೆಳೆದದ್ದು ಗೋವಾದಲ್ಲಿ. ಈ ಹುಡುಗ ಆ ಗೋಲ್‌ಕೀಪರನ್ನು ಬೈಯಲಿಲ್ಲ. ಬೈದವರ ಜೊತೆ ಜಗಳ ಆಡಿದ. ಅವನ ಬಗ್ಗೆ ನನಗೆ ಗೌರವ ಮೂಡಿದ್ದು ಇಲ್ಲೇ. ಸೋತ ದಿನ ಆಟಗಾರರ ಮನೆಯವರಿಗೆಲ್ಲ ಫೋನಿನಲ್ಲಿ ಹೊಲಸು ಬರೆದು, ನಾನು ಕಟ್ಟಾ ಅಭಿಮಾನಿ ಅನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ. ಅದು ನಿಷ್ಠೆ ಅಲ್ಲ, ಸಾಲ ವಸೂಲಿ.

2022ರ ಮಾರ್ಚ್ 20ರಂದು ಅದೇ ಫತೋರ್ಡಾದಲ್ಲಿ ಇನ್ನೊಂದು ಫೈನಲ್ ನಡೆಯಿತು. ಹೈದರಾಬಾದ್ ಮತ್ತು ಕೇರಳ ಬ್ಲಾಸ್ಟರ್ಸ್. ಪೆನಾಲ್ಟಿವರೆಗೆ ಹೋಯಿತು. ಹೈದರಾಬಾದಿನ ಗೋಲಿಯಾಗಿದ್ದ ಕಟ್ಟಿಮನಿ ಮೂರು ಪೆನಾಲ್ಟಿ ತಡೆದು ಕಪ್ ಗೆಲ್ಲಿಸಿದ. ಸದಾಶಿವಗಡದ ಈ ಮನೆಯಲ್ಲಿ ಅಪ್ಪ ಮಗ ಇಬ್ಬರೂ ತಮ್ಮದಲ್ಲದ ತಂಡಕ್ಕಾಗಿ ಪಟಾಕಿ ಹಚ್ಚಿದರು. ಅದು ಬ್ಲಾಸ್ಟರ್ಸ್‌ಗೆ ಮೂರನೇ ಫೈನಲ್ ಸೋಲು. ಅವತ್ತು ಕೇರಳದ ಯಾವ ಮನೆಯಲ್ಲಿ ಯಾರು ಊಟ ಬಿಟ್ಟರೋ.

2019ರ ಫೈನಲ್ ಬಗ್ಗೆ ಮಾತ್ರ ನಮ್ಮ ತಮ್ಮನ ಎದುರು ಮಾತಾಡುವುದಿಲ್ಲ ಅಂತ ಇಬ್ಬರ ನಡುವೆ ಒಪ್ಪಂದವಿದೆ. ಮುಂಬೈನಲ್ಲಿ ಗೋವಾ ಎದುರು ಬೆಂಗಳೂರು ಎಫ್‌ಸಿ. 117ನೇ ನಿಮಿಷದಲ್ಲಿ ರಾಹುಲ್ ಭೆಕೆ ತಲೆಯಿಂದ ಹೊಡೆದ ಒಂದೇ ಗೋಲು. ಆಗ ಇಬ್ಬರೂ ಬೆಂಗಳೂರಿನಲ್ಲಿ ಒಂದೇ ರೂಮು. ತಮ್ಮ ಮಂಚದ ಮೇಲೆ ಕುಣಿದ, ಇವನು ಕೆಳಗಿನ ಚಾಪೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿದ. "ಕರ್ನಾಟಕದಲ್ಲಿದ್ದು ಗೋವಾಕ್ಕೆ ಯಾಕೆ?" ಅಂತ ಆಗ ಎಲ್ಲರೂ ಕೇಳುತ್ತಿದ್ದರಂತೆ. ನನಗೆ ಮಾವನ ಅಪ್ಪ ನೆನಪಾದರು. ನಮ್ಮ ಜಿಲ್ಲೆಗೆ ಈ ಪ್ರಶ್ನೆ ಹೊಸದಲ್ಲ.

ಗೋವಾ ಏನೂ ಗೆದ್ದೇ ಇಲ್ಲ ಅಂತಲ್ಲ. 2019ರಲ್ಲಿ ಸೂಪರ್ ಕಪ್, 2020ರಲ್ಲಿ ಲೀಗ್ ಶೀಲ್ಡ್, 2021ರಲ್ಲಿ ಡ್ಯುರಾಂಡ್, 2025ರಲ್ಲಿ ಮತ್ತೆ ಸೂಪರ್ ಕಪ್. ಬೇಕಾದ ಆ ಒಂದು ಐಎಸ್‌ಎಲ್ ಕಪ್ ಮಾತ್ರ ಇಲ್ಲ. ಸೂಪರ್ ಕಪ್ ಗೆದ್ದದ್ದರಿಂದ ಏಷ್ಯಾ ಮಟ್ಟದ ಟೂರ್ನಿಗೆ ದಾರಿ ತೆರೆಯಿತು. ಅದರಿಂದಲೇ ಅಕ್ಟೋಬರ್ 22ರಂದು ಸೌದಿಯ ಅಲ್ ನಾಸರ್ ಫತೋರ್ಡಾಕ್ಕೆ ಬಂತು. ರೊನಾಲ್ಡೊ ಬರ್ತಾನೆ ಅಂತ ಊರೆಲ್ಲ ಟಿಕೆಟ್ ಕೊಂಡಿತು. ರೊನಾಲ್ಡೊ ಬರಲಿಲ್ಲ. ಬ್ರೈಸನ್ ಫರ್ನಾಂಡಿಸ್ ಒಂದು ಗೋಲು ಹೊಡೆದ. ಗೋವಾ 2–1ರಿಂದ ಸೋತಿತು.

"ರೊನಾಲ್ಡೊ ಬಂದಿದ್ರೆ ಎಲ್ಲರೂ ಅವನನ್ನೇ ನೋಡ್ತಿದ್ರು. ನಮ್ಮ ಬ್ರೈಸನ್ ಗೋಲು ಯಾರಿಗೆ ನೆನಪಿರ್ತಿತ್ತು?" ಅಂದ. ಸೋಲಿನಲ್ಲಿ ಲಾಭ ಹುಡುಕುವುದರಲ್ಲಿ ಈ ಹುಡುಗ ಪಳಗಿದ್ದಾನೆ.

ಅವನ ಆಗಿನ ಕಷ್ಟ ಬೇರೆ. ಜುಲೈನಲ್ಲಿ ಸಂಘಟಕರು ಐಎಸ್‌ಎಲ್ ಸೀಸನ್ನನ್ನೇ ತಡೆಹಿಡಿದರು. ಫೆಡರೇಷನ್ ಜೊತೆಗಿನ ಹಕ್ಕುಗಳ ಒಪ್ಪಂದ ಮುಂದುವರಿಯುತ್ತದೋ ಇಲ್ಲವೋ ಅಂತ ಇತ್ಯರ್ಥ ಆಗಿರಲಿಲ್ಲ. ನಾವು ಹೋದಾಗಲೂ ಲೀಗ್ ಯಾವಾಗ ಅಂತ ಯಾರಿಗೂ ತಿಳಿದಿರಲಿಲ್ಲ. "ಸೋಲೋಕೂ ಒಂದು ಲೀಗ್ ಬೇಕಲ್ಲ," ಅಂದರು ಅವನ ಅಪ್ಪ, ಇಷ್ಟು ಹೊತ್ತು ಪೇಪರ್ ಹಿಂದೆ ಕೂತಿದ್ದವರು. ಆಮೇಲೆ ಊಟಕ್ಕೆ ಎಬ್ಬಿಸಿದರು. ಬಂಗಡೆ ಹುರಿದಿದ್ದರು.

ಸಂಜೆ ಪಂಚಗಂಗಾ ರೈಲಿಗೆ ಬಿಡಲು ಅಪ್ಪ ಮಗ ಇಬ್ಬರೂ ಶಿರವಾಡದ ಸ್ಟೇಷನ್ನಿಗೆ ಬಂದರು. ರೈಲು ಬರೋಕೆ ಇನ್ನೂ ಹೊತ್ತಿತ್ತು. ಲೀಗ್ ಶುರುವಾದ ಕೂಡಲೇ ಬೆಂಗಳೂರು ಗೋವಾ ಪಂದ್ಯಕ್ಕೆ ಫತೋರ್ಡಾಕ್ಕೆ ಬರಲೇಬೇಕು, ಟಿಕೆಟ್ ತಮ್ಮದು ಅಂದರು ಆ ಅಪ್ಪ.

"ನಾನು ಬೆಂಗಳೂರು ಜೆರ್ಸಿ ಹಾಕ್ಕೊಂಡೇ ಬರೋದು ಅಂಕಲ್," ಅಂದ ತಮ್ಮ. "ನಿಮ್ಮ ಮಧ್ಯ ಕೂತ್ರೆ ಹೊಡೀತಾರಾ?"

"ಹೊಡಿಯೋದು ಯಾಕೆ? ಗೆದ್ರೆ ಊಟ ನಿಂದು, ಸೋತ್ರೆ ಊಟ ನಂದು."

"ಯಾರು ಗೆದ್ರೆ?"

ಅವರು ಸ್ವಲ್ಪ ಯೋಚನೆ ಮಾಡಿದರು. "ಅದನ್ನ ಆಮೇಲೆ ನೋಡುವ. ನೀವು ಮೊದಲು ಬನ್ನಿ."